ಹಂತಿ ಪದದಿಂದ ಹಿನ್ನೆಲೆ ಸಂಗೀತದವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಮಖಂಡಿ ಕಡೆಯವನು. ಸಣ್ಣ ಬಜೆಟ್ಟಿನ ಸಿನಿಮಾ ಮತ್ತು ಸಾಕ್ಷ್ಯಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹುಡುಗರು, ಹುಡುಗಿಯರು ಫೋನಿನಲ್ಲಿ, ಪತ್ರದಲ್ಲಿ, ಕಾರ್ಯಾಗಾರ ಮುಗಿದ ಮೇಲೆ ಚಹಾ ಕುಡಿಯುತ್ತಾ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

## ಶುರು ಮಾಡುವವರಿಗೆ

ಹಾಡಿಗೂ ಹಿನ್ನೆಲೆ ಸಂಗೀತಕ್ಕೂ ಏನ್ ಫರಕು? ಎರಡೂ ಸಂಗೀತಾನೇ ಅಲ್ವಾ?

ಹಾಡು ಬಂದಾಗ ಕಥೆ ಸ್ವಲ್ಪ ನಿಂತು ಕೇಳುತ್ತದೆ. ಹಿನ್ನೆಲೆ ಸಂಗೀತ ಬಂದಾಗ ಕಥೆ ನಿಲ್ಲುವುದಿಲ್ಲ, ಸಂಗೀತವೇ ಅದರ ಪಕ್ಕದಲ್ಲಿ ಹೆಜ್ಜೆ ಹಾಕಬೇಕು. ನಮ್ಮ ಕಡೆಯ ಬಯಲಾಟ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಇದು ಹೊಸದಲ್ಲ. ಪಾತ್ರ ಮಾತಾಡುವಾಗ ಪೇಟಿ (ಹಾರ್ಮೋನಿಯಂ) ಮೆಲ್ಲಗೆ ಸ್ವರ ಹಿಡಿದಿರುತ್ತದೆ. ಮಾತು ಮುಗಿಯಿತೋ ಇಲ್ಲವೋ, ತಬಲಾ ಎದ್ದು ಬರುತ್ತದೆ. ಸಿನಿಮಾದವರು ರೀರೆಕಾರ್ಡಿಂಗ್ ಅಂತ ಕರೆಯುವ ಕೆಲಸವನ್ನು ನಮ್ಮ ಹಿಮ್ಮೇಳದವರು ಬೆಳಗಾಗುವವರೆಗೆ ಕೂತು ಮಾಡುತ್ತಾರೆ.

ಒಂದು ಡೊಳ್ಳು, ಒಂದು ಕೊಳಲು ಹಾಕಿದರೆ ಜಾನಪದ ಆಯ್ತಲ್ಲ ಸರ್?

ಆಗುವುದಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ನಮ್ಮ ಕಡೆ ಒಂದೊಂದು ಪದಕ್ಕೂ ಒಂದು ಹೊತ್ತು ಇದೆ, ಒಂದು ಕೆಲಸ ಇದೆ. ಹಂತಿ ಪದ ತಗೊಳ್ಳಿ. ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ರಾತ್ರಿಯೆಲ್ಲ ಜೋಳದ ತೆನೆ ತುಳಿಸುತ್ತಿದ್ದರು. ನಿದ್ದೆ ಬರಬಾರದು ಅಂತ ಹಾಡುತ್ತಿದ್ದರು. ಆ ಹಾಡಿನ ನಡೆ ಹಾಡುಗಾರ ಇಟ್ಟದ್ದಲ್ಲ, ಎತ್ತು ಇಟ್ಟದ್ದು. ಒಬ್ಬರು ಉದ್ದಕ್ಕೆ ಎಳೆದು ಬಿಟ್ಟ ಸ್ವರವನ್ನು ಇನ್ನೊಬ್ಬರು ಕಣದ ಆ ಕಡೆಯಿಂದ ಎತ್ತಿಕೊಳ್ಳುತ್ತಿದ್ದರು. ಈಗ ರಾಶಿ ಮಷಿನ್ ಬಂದಿದೆ. ಹಂತಿ ಹೋಯಿತು, ಹಿಂದೆಯೇ ಪದವೂ ಹೋಯಿತು. ಇದನ್ನು ತಿಳಿಯದೆ ಅದೇ ಧಾಟಿಯನ್ನು ಕುಣಿಯುವ ಬೀಟ್ ಮೇಲೆ ಕೂರಿಸಿದರೆ ಎತ್ತೂ ಇಲ್ಲ, ರಾತ್ರಿಯೂ ಇಲ್ಲ. ಸ್ವರ ಮಾತ್ರ ಉಳಿಯುತ್ತದೆ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಮೊದಲ ಕಿರುಚಿತ್ರದಲ್ಲಿ ಮದುವೆ ಮೆರವಣಿಗೆಗೆ ಒಂದು ಹಲಗಿ ವಾದ್ಯದ ಬಡಿತ ಹಾಕಿದ್ದೆ. ಎಲ್ಲೋ ರೆಕಾರ್ಡ್ ಮಾಡಿಟ್ಟುಕೊಂಡಿದ್ದದ್ದು, ಚೆನ್ನಾಗಿತ್ತು. ಊರಿನಲ್ಲಿ ತೋರಿಸಿದಾಗ ಆ ದೃಶ್ಯಕ್ಕೆ ಹಿರಿಯರೆಲ್ಲ ಸುಮ್ಮನಾದರು. ಮುಗಿದ ಮೇಲೆ ಒಬ್ಬರು ಬಂದು ಹೆಗಲ ಮೇಲೆ ಕೈ ಇಟ್ಟು ಅಂದರು: 'ತಮ್ಮಾ, ಇದು ಹೆಣದ ಮುಂದ ಬಡಿಯೋದು.' ಅವತ್ತಿನಿಂದ ಯಾವ ವಾದ್ಯ ಅಂತ ಕೇಳುವ ಮೊದಲು ಯಾವಾಗ ನುಡಿಸುತ್ತೀರಿ ಅಂತ ಕೇಳುತ್ತೇನೆ.

ನಮ್ಮ ಮೂರು ಜಿಲ್ಲೆಯಲ್ಲಿ ಏನೇನು ಇದೆ? ಎಲ್ಲಿಂದ ಹುಡುಕಲಿ?

ನಿಮ್ಮ ಕಥೆಯ ಜನ ಯಾರೋ ಅವರ ಮನೆಯಿಂದ. ಕಥೆ ಸವದತ್ತಿ ಗುಡ್ಡದ್ದಾದರೆ ಚೌಡಿಕೆ ಅನ್ನುವ ತಂತಿವಾದ್ಯದ ಪದ, ಅದನ್ನು ಹಾಡುವ, ಎಲ್ಲಮ್ಮನಿಗೆ ಬಿಟ್ಟ ಜೋಗತಿಯರು. ಕುರುಬರ ಮನೆತನದ್ದಾದರೆ ಡೊಳ್ಳಿನ ಪದ. ಬೀರಪ್ಪ, ಅಮೋಘಸಿದ್ಧರ ಕಥೆಗಳು ಅದರಲ್ಲೇ ಇವೆ. ಡೊಳ್ಳು ಬರೀ ಕುಣಿತಕ್ಕಲ್ಲ, ಕಥೆ ಹೇಳುವುದಕ್ಕೂ ಇದೆ ಅನ್ನುವುದನ್ನು ಸಿನಿಮಾದವರು ಮರೆಯುತ್ತಾರೆ. ದೇವಿಯ ಕಥೆ ಹಾಡುವ ಗೋಂದಳಿಗರಾದರೆ ಸಂಬಾಳ ಅನ್ನುವ ಜೋಡಿ ಚರ್ಮವಾದ್ಯ ಮತ್ತು ದೀವಟಿಗೆ. ವಿಜಯಪುರದ ಲಂಬಾಣಿ ತಾಂಡಾಗಳದ್ದಾದರೆ ನಗಾರಿ, ಕಂಚಿನ ತಾಟು, ತೀಜ್ ಹಬ್ಬದ ಹೆಣ್ಣುಮಕ್ಕಳ ಹಾಡು. ಮೆರವಣಿಗೆಗೆ ಕರಡಿ ಮಜಲು: ಕರಡಿ ಅನ್ನುವ ಚರ್ಮವಾದ್ಯ, ಸನಾದಿ (ಶಹನಾಯಿ), ತಾಳ.

ವಾದ, ಜಗಳ, ಚುರುಕು ಮಾತು ಬೇಕಾದರೆ ಗೀಗೀ ಮೇಳಕ್ಕೆ ಹೋಗಿ. ದಪ್ಪು, ಒಂಟಿ ತಂತಿಯ ತುಂತುಣಿ, ತಾಳ ಇಷ್ಟೇ. ಹರದೇಶಿಯವರು ಗಂಡಿನ ಪಕ್ಷ ಹಿಡಿದರೆ ನಾಗೇಶಿಯವರು ಹೆಣ್ಣಿನ ಪಕ್ಷ. ರಾತ್ರಿ ಪೂರ್ತಿ ಸವಾಲು–ಜವಾಬು. ಎರಡು ಪಾತ್ರಗಳ ಹಗೆಯನ್ನು ಸಂಗೀತದಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ಕಟ್ಟು ನನಗೆ ಸಿಕ್ಕಿಲ್ಲ.

ಆಟಗಳಲ್ಲಿ, ಅಂದರೆ ಬಯಲು ನಾಟಕಗಳಲ್ಲಿ, ಬೈಲಹೊಂಗಲ ಕಡೆಯ ಸಣ್ಣಾಟ ಇದೆ. ಪಾರಿಜಾತವಂತೂ ಇದ್ದೇ ಇದೆ. ಅದಕ್ಕೆ ರೂಪ ಕೊಟ್ಟವನು ಕುಲಗೋಡ ತಮ್ಮಣ್ಣ, ಊರೂರಿಗೆ ಒಯ್ದವಳು ಕೌಜಲಗಿ ನಿಂಗಮ್ಮ. ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ. ಯಾವ ಊರಲ್ಲಿ ಮೇಳ ಇನ್ನೂ ನಡೆಯುತ್ತದೆ ಅಂತ ಅಲ್ಲಿ ಕೇಳಬಹುದು.

ಹೆಣ್ಣುಮಕ್ಕಳ ಹಾಡಿಗೆ ಹಲಸಂಗಿ ಗೆಳೆಯರನ್ನು ಓದದೆ ಮುಂದೆ ಹೋಗಬೇಡಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮನೆಮನೆ ತಿರುಗಿ ಬರೆದುಕೊಂಡರು. 'ಗರತಿಯ ಹಾಡು' ೧೯೩೧ರಲ್ಲೇ ಬಂತು. ಆದರೆ ಪುಸ್ತಕದಲ್ಲಿ ಮಾತು ಸಿಗುತ್ತದೆ, ಧಾಟಿ ಸಿಗುವುದಿಲ್ಲ. ಧಾಟಿಗೆ ಅಜ್ಜಿಯ ಹತ್ತಿರವೇ ಹೋಗಬೇಕು.

ನನಗೆ ನೋಟೇಶನ್ ಬರಲ್ಲ. ನಾನು ಮಾಡಬಹುದಾ?

ಮಾಡಬಹುದು. ಕೇಳಿದ್ದನ್ನು ಬಾಯಲ್ಲಿ ಹಾಗೇ ಹಾಡಲು ಬರಬೇಕು, ಅದು ಮುಖ್ಯ. ಬೇರೆ ವಾದ್ಯದವರಿಗೆ ಹೇಳಿಕೊಡಲು ಸರಿಗಮ ಬರೆದರೆ ಸಾಕು. ಪಿಟೀಲು ತಂಡ ಕರೆಸುವಷ್ಟು ದೊಡ್ಡ ಕೆಲಸ ಬಂದಾಗ ಬರೆಯುವವರೊಬ್ಬರನ್ನು ಜೊತೆಗೆ ಇಟ್ಟುಕೊಳ್ಳಿ.

## ಹಳ್ಳಿಗೆ ಹೋದಾಗ

ಕಲಾವಿದರ ಮನೆಗೆ ಹೋಗಿ ಏನಂತ ಕೇಳಬೇಕು? ಮೈಕ್ ಕಂಡರೆ ಸಾಕು, ಮರೆತುಬಿಡ್ತಾರೆ.

ಹಾಡಿ ಅಂತ ಕೇಳಬೇಡಿ. ಕೆಲಸ ಮಾಡಿ ಅಂತ ಕೇಳಿ.

ಮುಧೋಳದ ಹತ್ತಿರ ಒಬ್ಬ ಅಜ್ಜಿ. ಬೀಸುವ ಪದ ನೂರಾರು ಬರುತ್ತವೆ ಅಂತ ಊರೆಲ್ಲ ಹೇಳಿತ್ತು. ಕಟ್ಟೆಯ ಮೇಲೆ ಕೂರಿಸಿ, ಮೈಕ್ ಇಟ್ಟೆವು. ಎರಡು ಸಾಲು ಹಾಡಿ 'ಮುಂದ ನೆನಪಾಗವಲ್ದು' ಅಂದರು. ಸೊಸೆ ಒಳಗಿನ ಬೀಸುಕಲ್ಲು ತೊಳೆದು, ಒಂದು ಸೇರು ಜೋಳ ತಂದಿಟ್ಟಳು. ಅಜ್ಜಿ ಒಂದು ಕಾಲು ಚಾಚಿ ಕೂತು ಗೂಟ ಹಿಡಿದರು. ನಾಲ್ಕು ಸುತ್ತು ಸುಮ್ನೆ ತಿರುಗಿಸಿದರು. ಐದನೇ ಸುತ್ತಿಗೆ ಹಾಡು ತಾನೇ ಬಂತು. ನಲವತ್ತು ನಿಮಿಷ ನಿಲ್ಲಲಿಲ್ಲ.

ಆಮೇಲೆ ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿ ಕೇಳಿದೆ. ಕಲ್ಲಿನ ಘರಘರವೇ ಅವರ ತಂಬೂರಿ. ಮೇಲಿನ ಕಲ್ಲಿನ ಅಂಚಿನಲ್ಲಿ ಒಂದು ಕಡೆ ಒಡೆದಿತ್ತು, ಅದಕ್ಕೇ ಪ್ರತಿ ಸುತ್ತಿಗೂ ಒಂದು ಸಣ್ಣ 'ಟಕ್'. ಕೈ ಮೈಯಿಂದ ದೂರ ಹೋಗುವಾಗ ಸ್ವರ ಏರುತ್ತಿತ್ತು, ಹತ್ತಿರ ಬರುವಾಗ ಉಸಿರು. ಬಳೆ ಸದ್ದು ಆ ಉಸಿರಿನ ಜೊತೆಗೇ. ಕೊನೆಗೆ ಆ ಸಿನಿಮಾದ ಮುಖ್ಯ ಥೀಮ್‌ಗೆ ನಾನು ತಾಳವಾದ್ಯ ಬಳಸಲೇ ಇಲ್ಲ. ಆ 'ಟಕ್' ಒಂದೇ ಸಾಕಾಯಿತು.

ಯಾವ ಮೈಕ್ ತಗೊಳ್ಳಲಿ? ಸ್ಟುಡಿಯೋಕ್ಕೆ ಕರೆಸಿದರೆ ಚಲೋ ಅಲ್ವಾ?

ಮೊದಲ ಸಲ ಅವರ ಜಾಗದಲ್ಲೇ ರೆಕಾರ್ಡ್ ಮಾಡಿ. ಕೈಯಲ್ಲಿ ಹಿಡಿಯುವ ಸ್ಟೀರಿಯೋ ರೆಕಾರ್ಡರ್, ಗಾಳಿಗೆ ತುಪ್ಪಳದ ಕವರ್, ಹಾಡುವವರ ಹತ್ತಿರ ಇನ್ನೊಂದು ಮೈಕ್ ಇದ್ದರೆ ಸಾಕು. ಸಿನಿಮಾ ಕೆಲಸಕ್ಕೆ ೪೮ ಕಿಲೋಹರ್ಟ್ಸ್, ೨೪ ಬಿಟ್ ಇಡಿ. ಡೊಳ್ಳು, ಹಲಗಿ ಬಂದಾಗ ಎರಡು ಮೂರು ಮೀಟರ್ ಹಿಂದೆ ಸರಿಯಿರಿ, ಮಟ್ಟ ಮೈನಸ್ ೧೨ ಡೆಸಿಬಲ್ ದಾಟದಂತೆ ನೋಡಿಕೊಳ್ಳಿ. ಒಡೆದ ಸದ್ದನ್ನು ಆಮೇಲೆ ಸರಿ ಮಾಡಲಾಗುವುದಿಲ್ಲ. ಎಲ್ಲ ಮುಗಿದ ಮೇಲೆ ಯಾರೂ ಮಾತಾಡದೆ ಒಂದು ನಿಮಿಷ ಆ ಜಾಗದ ಸದ್ದನ್ನೂ ಹಿಡಿಯಿರಿ. ಎಡಿಟಿಂಗ್‌ನಲ್ಲಿ ತೇಪೆ ಹಾಕಲು ಅದೇ ಬೇಕಾಗುತ್ತದೆ.

ಮೇಳದವರನ್ನು ಒಬ್ಬೊಬ್ಬರಾಗಿ ಗಾಜಿನ ಕೋಣೆಯಲ್ಲಿ ನಿಲ್ಲಿಸುವುದು ನನಗೆ ಸರಿ ಬರುವುದಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿ ನುಡಿಸುವವರು.

ದೇವರ ಪದ, ಮೊಹರಂ ಪದ ಸಿನಿಮಾದಲ್ಲಿ ಬಳಸಿದರೆ ತಪ್ಪಾ?

ಕೇಳಿ ಬಳಸಿದರೆ ತಪ್ಪಲ್ಲ. ಕೇಳದೆ ಬಳಸಿದರೆ ತಪ್ಪು. ನಮ್ಮ ಊರುಗಳಲ್ಲಿ ಮೊಹರಂ ಬಂತೆಂದರೆ ಹಿಂದೂ, ಮುಸ್ಲಿಂ ಕೂಡಿಯೇ ರಿವಾಯತ್ ಪದ ಹಾಡುತ್ತಾರೆ, ಹೆಜ್ಜೆ ಮೇಳ ಕಟ್ಟುತ್ತಾರೆ. ಮಾತು ಕನ್ನಡ, ಕಥೆ ಕರ್ಬಲಾದ್ದು. ಹೊರಗಿನವರಿಗೆ ಕುಣಿತ ಕಾಣುತ್ತದೆ. ಒಳಗೆ ಇರುವುದು ದುಃಖ. ಅದನ್ನು ಹೊಡೆದಾಟದ ದೃಶ್ಯಕ್ಕೆ ಹಾಕುವ ಮೊದಲು ಆ ಊರಿನ ಹಿರಿಯರ ಎದುರು ದೃಶ್ಯ ವಿವರಿಸಿ. ಬೇಡ ಅಂದರೆ ಬಿಟ್ಟುಬಿಡಿ.

ಚೌಡಿಕೆ ಪದದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದೇವದಾಸಿ ಬಿಡುವುದನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ ೧೯೮೨ರಲ್ಲೇ ಬಂತು. ಆ ಹಾಡಿನ ಹಿಂದೆ ಎಷ್ಟೋ ಹೆಣ್ಣುಮಕ್ಕಳ ನೋವು ಇದೆ. ಅದನ್ನು ಸುಮ್ನೆ ಮಾದಕ ಸದ್ದು ಮಾಡಿ ಮಾರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಲಗಿಯೂ ಹಾಗೇ. ಅದನ್ನು ಜಾತಿಯ ಹೊರೆಯಾಗಿ ಹೊತ್ತವರ ಮಕ್ಕಳು ಕೆಲವರು ಈಗ ಬಡಿಯಲು ಒಪ್ಪುವುದಿಲ್ಲ. ಅವರನ್ನು ಬಲವಂತ ಮಾಡಬೇಡಿ. ಅಭಿಮಾನದಿಂದ ಬಡಿಯುವವರೂ ಇದ್ದಾರೆ, ಅವರಿಗೆ ವೇದಿಕೆಯ ಮುಂದಿನ ಸಾಲು ಕೊಡಿ.

ಜನಪದ ಹಾಡು ಯಾರದ್ದೂ ಅಲ್ಲ ಅಂತಾರಲ್ಲ, ಮತ್ತೆ ದುಡ್ಡು ಯಾಕೆ ಕೊಡಬೇಕು?

ಹಾಡು ಹಳೆಯದು ಇರಬಹುದು. ಹಾಡಿದ ಗಂಟಲು ಇವತ್ತಿನದು. ೧೯೫೭ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರಿಗೆ, ನುಡಿಸುವವರಿಗೆ ಅಂತಲೇ ಪ್ರತ್ಯೇಕ ಹಕ್ಕು ಇದೆ. ಅದು ೫೦ ವರ್ಷ ಇರುತ್ತದೆ. ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ ೬೦ ವರ್ಷ. ೨೦೧೨ರ ತಿದ್ದುಪಡಿ ರಾಯಲ್ಟಿಯ ವಿಷಯದಲ್ಲಿ ಇದನ್ನು ಇನ್ನೂ ಗಟ್ಟಿ ಮಾಡಿದೆ.

ಇನ್ನೊಂದು ಮಾತು. ಯಾರದ್ದೂ ಅಲ್ಲ ಅಂತ ನಾವು ಅಂದುಕೊಂಡ ಎಷ್ಟೋ ಲಾವಣಿ, ಗೀಗೀ ಪದಗಳಿಗೆ ಕವಿ ಇದ್ದಾನೆ. ಕೊನೆಯ ನುಡಿ ಕೇಳಿ. ಊರು, ಗುರು, ಕಟ್ಟಿದವನ ಹೆಸರು ಅಲ್ಲಿ ಬರುತ್ತದೆ. ಸಿನಿಮಾದವರು ಉದ್ದವಾಯಿತು ಅಂತ ಮೊದಲು ಕತ್ತರಿಸುವುದು ಅದೇ ನುಡಿಯನ್ನು. ಹಾಗೆ ಹೆಸರು ಅಳಿಸಿ, ಆಮೇಲೆ 'ಸಂಗೀತ: ಜಾನಪದ' ಅಂತ ಹಾಕುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಟೈಟಲ್ಲಿನಲ್ಲಿ ಹೆಸರು, ಊರು, ಮೇಳ ಮೂರೂ ಬರಲಿ. ಒಪ್ಪಂದವನ್ನು ಕನ್ನಡದಲ್ಲಿ ಬರೆದು, ಮನೆಯವರ ಎದುರು ಓದಿ ಹೇಳಿ. ಆ ದಿನದ ಕೂಲಿ, ಪ್ರಯಾಣದ ಖರ್ಚು ಅವತ್ತೇ ಕೈಗೆ ಕೊಡಿ.

## ಸ್ಟುಡಿಯೋದೊಳಗೆ

ಚೌಡಿಕೆಯ ಜೊತೆ ಕೀಬೋರ್ಡ್ ಹಾಕಿದರೆ ಅಪಸ್ವರ ಬರ್ತದೆ. ಯಾರದ್ದು ತಪ್ಪು?

ಕೀಬೋರ್ಡಿನದು ಅಂತ ಇಟ್ಟುಕೊಂಡೇ ಕೆಲಸ ಶುರು ಮಾಡಿ. ಅದು ೪೪೦ ಹರ್ಟ್ಸ್‌ಗೆ ಕಟ್ಟಿದ್ದು, ಹನ್ನೆರಡು ಮನೆಯೂ ಸಮ. ಚೌಡಿಕೆಯ ತಂತಿ ಬಿಗಿಯಾದಂತೆ, ಸಡಿಲವಾದಂತೆ ಸ್ವರ ಏರಿಳಿಯುತ್ತದೆ. ಹಾಡುವ ತಾಯಿಯ ಗಾಂಧಾರ (ಗ) ಎರಡು ಮನೆಯ ನಡುವೆ ಎಲ್ಲೋ ನಿಂತಿರುತ್ತದೆ. ಆ ಹಾಡಿನ ರುಚಿಯೇ ಅದು. ಆಟೋಟ್ಯೂನ್ ಹಾಕಿ ಎಳೆದು ಕೂರಿಸಬೇಡಿ.

ಮೊದಲು ಅವರ ಷಡ್ಜ (ಸ) ಅಳೆದು, ಪ್ರಾಜೆಕ್ಟಿನ ಶ್ರುತಿಯನ್ನೇ ಅದಕ್ಕೆ ಹೊಂದಿಸಿ. ಆಮೇಲೆ ಕೆಳಗೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು) ಇಡುವಾಗ ಗಾಂಧಾರ ತೆಗೆದುಬಿಡಿ. ಸ ಮತ್ತು ಪ ಎರಡೇ ಇರಲಿ. ಜಗಳ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ. ಪಿಟೀಲು, ಸಾರಂಗಿ ಆದರೆ ಅವರ ಹಿಂದೆ ಹೋಗಬಲ್ಲವು, ಪಿಯಾನೋ ಹೋಗಲಾರದು.

ಮೇಳದವರಿಗೆ ಕ್ಲಿಕ್ ಹಾಕಿದರೆ ನುಡಿಸೋಕೆ ಬರಲ್ಲ. ದೃಶ್ಯಕ್ಕೆ ಹೊಂದಿಸೋದು ಹೇಗೆ?

ಕ್ಲಿಕ್ ಬೇಡ. ಡೊಳ್ಳು, ಕರಡಿ ರಂಗೇರಿದಂತೆ ವೇಗ ಏರುತ್ತದೆ. ಆ ಏರಿಕೆಯನ್ನು ಕಿವಿಯಲ್ಲಿ ಟಿಕ್ ಟಿಕ್ ಹಾಕಿ ಕಟ್ಟಿಹಾಕಿದರೆ ಮೇಳದ ಜೀವವೇ ಹೋಗುತ್ತದೆ. ಬಿಟ್ಟು ನುಡಿಸಲಿ. ಆಮೇಲೆ ಒಂದೊಂದು ಪೆಟ್ಟಿಗೂ ಗುರುತು ಹಾಕಿ, ಆ ಗುರುತಿನಿಂದ ವೇಗದ ನಕ್ಷೆ, ಅಂದರೆ ಟೆಂಪೋ ಮ್ಯಾಪ್ ಮಾಡಿ, ನಿಮ್ಮ ಬೇರೆ ವಾದ್ಯಗಳನ್ನು ಅದಕ್ಕೆ ಕೂರಿಸಿ.

ಲೆಕ್ಕ ಸುಲಭ. ಸೆಕೆಂಡಿಗೆ ೨೪ ಫ್ರೇಮ್, ನಿಮಿಷಕ್ಕೆ ೧೨೦ ಪೆಟ್ಟು ಅಂದರೆ ಒಂದು ಪೆಟ್ಟಿಗೆ ೧೨ ಫ್ರೇಮ್. ವೇಗ ಏರಿ ೧೪೪ ಆದರೆ ೧೦ ಫ್ರೇಮ್. ಎಡಿಟರ್ ಸ್ನೇಹಿತರಾಗಿದ್ದರೆ ಇನ್ನೂ ಒಳ್ಳೆಯದು. ಮೇಳವನ್ನು ಮೊದಲೇ ರೆಕಾರ್ಡ್ ಮಾಡಿ, ಅದರ ಮೇಲೆ ದೃಶ್ಯ ಕತ್ತರಿಸಲು ಕೇಳಿ.

ತ್ರಿಪದಿಯಿಂದ ಥೀಮ್ ಮಾಡಬೇಕು ಅಂತಿದೀನಿ. ಮೂರು ಸಾಲು ನಾಲ್ಕರ ಲೆಕ್ಕಕ್ಕೆ ಕೂರ್ತಾನೇ ಇಲ್ಲ.

ಕೂರಿಸಬೇಡಿ. ತ್ರಿಪದಿಯಲ್ಲಿ ಹನ್ನೊಂದು ಗಣ, ಅಂದರೆ ಅಕ್ಷರಗಳ ಗುಂಪು. ಆರನೆಯದು, ಹತ್ತನೆಯದು ಬ್ರಹ್ಮಗಣ, ಉಳಿದದ್ದು ವಿಷ್ಣುಗಣ. ಆ ಎರಡು ಕಡೆ ನಡೆ ಚಿಕ್ಕದಾಗುತ್ತದೆ, ಮೆಟ್ಟಿಲಲ್ಲಿ ಕಾಲು ಸ್ವಲ್ಪ ಬೇಗ ಇಟ್ಟ ಹಾಗೆ. ಆದರೆ ಇವು ಅಂಶಗಣ, ಹಾಡುವವರು ಎಳೆಯುತ್ತಾರೆ, ಮೊಟಕು ಮಾಡುತ್ತಾರೆ. ಹಾಡುವಾಗ ಎರಡನೇ ಸಾಲಿನ ಕೊನೆಯ ಅರ್ಧವನ್ನು ಮತ್ತೆ ಎತ್ತಿ ಮೂರನೇ ಸಾಲಿಗೆ ಜೋಡಿಸುತ್ತಾರೆ. ಆ ತಿರುಗಿ ಬರುವ ಅರ್ಧ ಸಾಲೇ ನಿಮ್ಮ ಥೀಮ್.

ನಾನು ಮಾಡಿದ್ದು ಹೀಗೆ. ಮಗಳು ಮನೆಯಲ್ಲಿ ಇರುವವರೆಗೆ ಆ ಅರ್ಧ ಸಾಲು ಮಾತ್ರ ಕೇಳಿಸುತ್ತದೆ, ಸನಾದಿಯಲ್ಲಿ, ಪೂರ್ತಿಯಾಗದೆ. ಅವಳು ತವರು ಬಿಟ್ಟು ಹೊಸ್ತಿಲು ದಾಟಿದಾಗ ಮೂರನೇ ಸಾಲು ಮೊದಲ ಸಲ ಬರುತ್ತದೆ. ಊರಿನ ಹೆಂಗಸರು ಆ ಜಾಗದಲ್ಲಿ ತಾವೇ ಹಾಡಿ ಮುಗಿಸಿದರು, ಪರದೆಯ ಮುಂದೆ ಕೂತು.

ಹಿಂದೂಸ್ತಾನಿ ರಾಗ ಹಾಕಿದರೆ 'ಇದು ನಮ್ಮ ಜಾನಪದ ಅಲ್ಲ' ಅಂತಾರೆ. ಏನ್ ಹೇಳಲಿ?

ನಮ್ಮ ಕಡೆ ಇವೆರಡರ ನಡುವೆ ಗೋಡೆ ಇರಲಿಲ್ಲ ಅಂತ ಹೇಳಿ. ಏಣಗಿ ಬಾಳಪ್ಪನವರಂಥವರ ಕಂಪನಿ ನಾಟಕದಲ್ಲಿ ಕಾಲುಪೇಟಿಯ ಮೇಲೆ ರಾಗವೂ ಬರುತ್ತಿತ್ತು, ಹಳ್ಳಿ ಧಾಟಿಯೂ ಬರುತ್ತಿತ್ತು. ಬೀಳಗಿಯಿಂದ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ ಹಿಂದಿ ಸಿನಿಮಾದ ದೊಡ್ಡ ಗಾಯಕಿ ಆದರು. ಅದೇ ಬೀಳಗಿಯ ಸನಾದಿ ಅಪ್ಪಣ್ಣನ ಹೆಸರಿನಲ್ಲಿ ೧೯೭೭ರಲ್ಲಿ ಸಿನಿಮಾ ಬಂದಾಗ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಶಹನಾಯಿ ನುಡಿಸಿದವರು ಬಿಸ್ಮಿಲ್ಲಾ ಖಾನ್.

ನನ್ನ ಗುರು ಅಂತ ನಾನು ದೂರದಿಂದ ಇಟ್ಟುಕೊಂಡಿರುವುದು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರನ್ನು. ಬೆಳಗಾವಿಯ ಪಕ್ಕದ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದವರು. ಕ್ಷಯ ಬಂದು ವರ್ಷಗಟ್ಟಲೆ ಹಾಡಲಾಗದೆ ದೇವಾಸದಲ್ಲಿ ಮಲಗಿದ್ದಾಗ ಮಾಳವದ ಹೆಂಗಸರ ಹಾಡು ಕೇಳುತ್ತಾ ಇದ್ದರು. ಆಮೇಲೆ ಆ ಧಾಟಿಗಳ ಒಳಗಿಂದಲೇ ಹೊಸ ರಾಗ ತೆಗೆದರು. ಹಾಡಿಗೆ ರಾಗದ ಅಂಗಿ ತೊಡಿಸಲಿಲ್ಲ. ಹಾಡಿನಲ್ಲಿ ಮೊದಲೇ ಏನಿದೆ ಅಂತ ಹುಡುಕಿದರು. ಅದಕ್ಕೆ ಮೊದಲು ಎಷ್ಟೋ ಕಾಲ ಸುಮ್ನೆ ಕೇಳಿದರು.

ಕಿತ್ತೂರು ಕಾಲದ ಕಥೆ, ಆದಿಲಶಾಹಿ ಕಾಲದ ಕಥೆ ಮಾಡುವಾಗ ಯಾವ ವಾದ್ಯ ಹಾಕಲಿ?

ಹಾರ್ಮೋನಿಯಂ ಬೇಡ ಅನ್ನುವುದು ಮೊದಲ ಮಾತು. ಪ್ಯಾರಿಸ್ಸಿನಲ್ಲಿ ಅದಕ್ಕೆ ಪೇಟೆಂಟ್ ಆದದ್ದೇ ೧೮೪೨ರಲ್ಲಿ. ಚೆನ್ನಮ್ಮನ ಕಿತ್ತೂರಿನ ಯುದ್ಧ ೧೮೨೪, ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು ೧೮೩೧. ಪರದೆಯ ಮೇಲೆ ಪೇಟಿ ಕಾಣಿಸಿದರೆ ಸುಳ್ಳಾಗುತ್ತದೆ. ಕಹಳೆ, ಹಲಗಿ, ಸಂಬಾಳ, ಏಕತಾರಿ ಸಾಕಷ್ಟು ಇವೆ. ರಾಯಣ್ಣನ ಲಾವಣಿ, ೧೮೫೭ರ ಹಲಗಲಿ ಬೇಡರ ಲಾವಣಿ ಯುದ್ಧದ ಆಮೇಲೆ ಜನ ನೆನೆದು ಕಟ್ಟಿದ್ದು. ಅವನ್ನು ಯುದ್ಧದ ನಡುವೆ ಹಾಡಿಸುವ ಬದಲು ಕಥೆ ಹೇಳುವ ದನಿಯಾಗಿ ಇಟ್ಟರೆ ಚೆನ್ನಾಗಿ ಕೂರುತ್ತದೆ.

ವಿಜಯಪುರದ ಇಮ್ಮಡಿ ಇಬ್ರಾಹಿಂ ಆದಿಲಶಾಹ (೧೫೮೦–೧೬೨೭) ಸ್ವತಃ ಹಾಡು ಕಟ್ಟಿದವನು. ಅವನ 'ಕಿತಾಬ್-ಎ-ನವರಸ್' ದಖನಿಯಲ್ಲಿದೆ, ಹಾಡುಗಳಿಗೆ ರಾಗದ ಹೆಸರಿದೆ, ಸರಸ್ವತಿಯ ಸ್ತುತಿ ಇದೆ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ಅವನ ಕಥೆಯಲ್ಲಿ ಗೋಳಗುಮ್ಮಟ ಬರಕೂಡದು, ಅದು ಮುಗಿದದ್ದು ಮಗನ ಕಾಲಕ್ಕೆ, ೧೬೫೬ರಲ್ಲಿ. ಗುಮ್ಮಟದ ಪ್ರತಿಧ್ವನಿ ಬೇಕಾದ ಬೇರೆ ಕಥೆಯಾದರೆ ಪುರಾತತ್ವ ಇಲಾಖೆಯ ಅನುಮತಿ ತಗೊಂಡು, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಹತ್ತು ಗಂಟೆಯ ಹೊತ್ತಿಗೆ ಮಕ್ಕಳ ಕೂಗು ಬಿಟ್ಟು ಬೇರೇನೂ ಸಿಗುವುದಿಲ್ಲ.

ನಿರ್ದೇಶಕರು ಯಾವುದೋ ಬೇರೆ ಸಿನಿಮಾದ ಸಂಗೀತ ಇಟ್ಟು 'ಇದೇ ಥರ ಬೇಕು' ಅಂತಾರೆ.

ಜಗಳ ಮಾಡಬೇಡಿ. ಅದರಲ್ಲಿ ಏನು ಹಿಡಿಸಿತು ಅಂತ ಕೇಳಿ: ವೇಗವಾ, ಭಾರವಾ, ಭಯವಾ? ಆ ಒಂದು ಗುಣವನ್ನು ನಿಮ್ಮ ಊರಿನ ಸದ್ದಿನಿಂದ ತಂದು ತೋರಿಸಿ. ಗುಳೇದಗುಡ್ಡದಲ್ಲಿ ಕಣ ಅನ್ನುವ ಕುಪ್ಪಸದ ಬಟ್ಟೆ ನೇಯುವ ಮನೆಯ ಓಣಿಯಲ್ಲಿ ಒಮ್ಮೆ ನಡೆಯಿರಿ. ಒಂದೊಂದು ಮಗ್ಗಕ್ಕೂ ಬೇರೆ ನಡೆ. ಆತಂಕದ ದೃಶ್ಯಕ್ಕೆ ವಿದೇಶಿ ಡ್ರಮ್ಮು ಕೇಳಿದ ಒಬ್ಬ ನಿರ್ದೇಶಕರಿಗೆ ನಾನು ಮೂರು ಮಗ್ಗದ ಸದ್ದನ್ನು ಒಂದರ ಮೇಲೊಂದು ಇಟ್ಟು ಕಳಿಸಿದೆ. ಅವರು ಡ್ರಮ್ಮಿನ ಮಾತು ಮತ್ತೆ ಎತ್ತಲಿಲ್ಲ.

ಸಿನಿಮಾ ಮುಗಿದ ಮೇಲೆ ಆ ರೆಕಾರ್ಡಿಂಗ್ ಎಲ್ಲ ಏನು ಮಾಡಬೇಕು?

ಫೈಲಿಗೆ ಹಾಡಿದವರ ಹೆಸರು, ಊರು, ತಾರೀಖು, ಯಾವ ಹೊತ್ತಿನ ಪದ ಅನ್ನುವುದನ್ನು ಬರೆದಿಡಿ. ಎರಡು ಬೇರೆ ಡಿಸ್ಕಿನಲ್ಲಿ ಕಾಪಿ ಇರಲಿ. ಒಪ್ಪಿದರೆ ಶಿಗ್ಗಾವಿ ತಾಲ್ಲೂಕು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಂಥ ಕಡೆಗೂ ಕೊಡಬಹುದು. ಒಂದು ಕಾಪಿ ಆ ಮನೆಗೆ ಹೋಗಲೇಬೇಕು, ಕತ್ತರಿಸದೆ. ಮುಧೋಳದ ಆ ಅಜ್ಜಿಯ ಮೊಮ್ಮಗನಿಗೆ ಪೆನ್‌ಡ್ರೈವ್ ಕೊಟ್ಟಾಗ ಅವನು ಮೊದಲು ಹುಡುಕಿದ್ದು ಸಿನಿಮಾದಲ್ಲಿ ನಾವು ತೆಗೆದುಹಾಕಿದ್ದ ತುಣುಕನ್ನು. ಹದಿನೇಳನೇ ನಿಮಿಷಕ್ಕೆ ಹಿಟ್ಟಿಗೆ ಬಾಯಿ ಹಾಕಲು ಬಂದ ಕೋಳಿಯನ್ನು ಅಜ್ಜಿ ಹಾಡಿನ ಧಾಟಿಯಲ್ಲೇ ಗದರಿಸಿ, ಸುತ್ತು ತಪ್ಪದೆ ಮುಂದಿನ ಸಾಲಿಗೆ ಹೋಗುತ್ತಾರೆ.